ಮೈಸೂರು ರೈಲ್ವೆಯ ಚರಿತ್ರೆ: ಬರೆದ ಬಗೆ, ಬರೆಯಬೇಕಾದ ಬಗೆ

1

ಮೈಸೂರು ಸಂಸ್ಥಾನದ ಆಧುನಿಕ ಚರಿತ್ರೆಯನ್ನು ನಮ್ಮ ಕಾಲೇಜುಗಳಲ್ಲಿ ಬೋಧಿಸುವಾಗ ರೈಲ್ವೆಗೆ ದೊರೆಯುವ ಸ್ಥಾನ ಬಹುಮಟ್ಟಿಗೆ ಒಂದು ಪಟ್ಟಿಯ ಸ್ಥಾನ. ಇಂಥ ವರ್ಷ ಇಂಥ ಮಾರ್ಗ ತೆರೆಯಿತು, ಇಂಥ ದಿವಾನರ ಕಾಲದಲ್ಲಿ ಇಷ್ಟು ಮೈಲಿ ಹಳಿ ಹೆಚ್ಚಿತು ಎಂದು ಹೇಳುತ್ತೇವೆ. ವಿದ್ಯಾರ್ಥಿ ಅದನ್ನು ಪರೀಕ್ಷೆಯಲ್ಲಿ ಹಾಗೆಯೇ ಒಪ್ಪಿಸುತ್ತಾನೆ. ನೀರಾವರಿ, ವಿದ್ಯುತ್ತು, ಕೈಗಾರಿಕೆ ಎಂಬ ಶೀರ್ಷಿಕೆಗಳ ನಡುವೆ ರೈಲ್ವೆಯೂ ಪ್ರಗತಿಯ ಪರವಾದ ಒಂದು ಸಾಕ್ಷಿಯಾಗಿ ಬಂದು ನಿಲ್ಲುತ್ತದೆ. ಆ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವವರು ಮಾತ್ರ ವಿರಳ.

ಪ್ರಕೃತ ಲೇಖನದ ಉದ್ದೇಶ ಮೈಸೂರು ರೈಲ್ವೆಯ ಇತಿಹಾಸವನ್ನು ಮೊದಲಿನಿಂದ ಕೊನೆಯವರೆಗೆ ನಿರೂಪಿಸುವುದಲ್ಲ. ಆ ಇತಿಹಾಸವನ್ನು ಈವರೆಗೆ ಬರೆದಿರುವ ಬಗೆಯನ್ನು ಪರಿಶೀಲಿಸಿ, ಅದರಲ್ಲಿ ಯಾವ ಪ್ರಶ್ನೆಗಳು ಉಳಿದುಹೋಗಿವೆ ಎಂಬುದನ್ನು ಸೂಚಿಸುವುದಷ್ಟೇ ನಮ್ಮ ಗುರಿ. ಮೈಲಿಗಳ ಲೆಕ್ಕದಿಂದ ಒಂದು ರೈಲ್ವೆಯ ಸ್ವರೂಪ ತಿಳಿಯದು. ಅದರ ಒಪ್ಪಂದ, ಅದರ ಹಳಿಯ ಅಳತೆ, ಅದು ನಿಂತ ಸ್ಥಳ, ಈ ಮೂರರಿಂದ ತಿಳಿಯುತ್ತದೆ ಎಂಬುದು ನಮ್ಮ ವಾದ.

2

ಈ ವಿಷಯದ ಬರವಣಿಗೆಯಲ್ಲಿ ಎರಡು ಸಂಪ್ರದಾಯಗಳನ್ನು ಗುರುತಿಸಬಹುದು. ಮೊದಲನೆಯದು ಗೆಜೆಟಿಯರುಗಳ ಸಂಪ್ರದಾಯ. ಬಿ. ಎಲ್. ರೈಸರು 1897ರಲ್ಲಿ ಪರಿಷ್ಕರಿಸಿ ಹೊರತಂದ ಮೈಸೂರು ಗೆಜೆಟಿಯರು, ಸಿ. ಹಯವದನರಾಯರು 1927ರಿಂದ 1930ರವರೆಗಿನ ಅವಧಿಯಲ್ಲಿ ಸಂಪಾದಿಸಿದ ಬೃಹತ್ ಗೆಜೆಟಿಯರು, ಇವು ಈ ಬಗೆಯ ಮೇಲ್ಪಂಕ್ತಿಗಳು. 1936ರಲ್ಲಿ ಪ್ರಕಟವಾದ ಎಂ. ಶಾಮರಾಯರ ‘ಮಾಡರ್ನ್ ಮೈಸೂರು’ ಗ್ರಂಥವು ಅರಸರ ಮತ್ತು ದಿವಾನರ ಆಳ್ವಿಕೆಯ ಅನುಕ್ರಮದಲ್ಲಿ ವಿಷಯವನ್ನು ಜೋಡಿಸುತ್ತದೆ. ಈ ಗ್ರಂಥಕರ್ತರ ಶ್ರಮಕ್ಕೆ ನಾವೆಲ್ಲರೂ ಋಣಿಗಳು. ಅವರು ಸಂಗ್ರಹಿಸಿಟ್ಟ ಸಾಮಗ್ರಿಯಿಲ್ಲದೆ ಇಂದು ಯಾರೂ ಒಂದು ಹೆಜ್ಜೆ ಮುಂದಿಡಲಾರರು. ಆದರೆ ಆಡಳಿತದ ವರದಿಗಳನ್ನು ಆಧರಿಸಿದ ಬರವಣಿಗೆಗೆ ಆಡಳಿತದ ಕಣ್ಣೇ ಬರುತ್ತದೆ. ಅಲ್ಲಿ ಮಾರ್ಗವೆಂದರೆ ಸರ್ಕಾರ ಪ್ರಜೆಗಳಿಗೆ ಕೊಟ್ಟ ಒಂದು ಕೊಡುಗೆ. ಕೊಡುಗೆಯ ಬೆಲೆ ಎಷ್ಟು, ಅದನ್ನು ತೆತ್ತವರು ಯಾರು ಎಂದು ಕೇಳುವುದು ಆ ಬರವಣಿಗೆಯ ಧರ್ಮವಲ್ಲ.

ಎರಡನೆಯದು ರಾಷ್ಟ್ರೀಯ ಅರ್ಥಶಾಸ್ತ್ರದ ಸಂಪ್ರದಾಯ. ದಾದಾಭಾಯಿ ನವರೋಜಿ, ರಮೇಶಚಂದ್ರ ದತ್ತ ಮೊದಲಾದವರು ರೈಲ್ವೆಯನ್ನು ಭಾರತದ ಸಂಪತ್ತು ಹೊರಗೆ ಹರಿದುಹೋಗುವುದಕ್ಕೆ ತೋಡಿದ ಕಾಲುವೆಯಂತೆ ಕಂಡರು. ನೀರಾವರಿಗೆ ಸಲ್ಲಬೇಕಾಗಿದ್ದ ಹಣ ಹಳಿಗಳಿಗೆ ಸಂದಿತೆಂಬುದು ದತ್ತರ ಮುಖ್ಯ ಆಕ್ಷೇಪಗಳಲ್ಲಿ ಒಂದು. ಬ್ರಿಟಿಷ್ ಭಾರತದ ಮಟ್ಟಿಗೆ ಈ ವಾದ ಬಲವಾದದ್ದು. ಮೈಸೂರಿನಂಥ ಸಂಸ್ಥಾನಕ್ಕೆ ಅದನ್ನು ಹಾಗೆಯೇ ಅನ್ವಯಿಸಿದರೆ ಒಂದು ತೊಡಕುಂಟು. ಇಲ್ಲಿ ಕೆಲವು ಮಾರ್ಗಗಳನ್ನು ಕಂಪನಿ ಕಟ್ಟಿತು. ಕೆಲವನ್ನು ಸಂಸ್ಥಾನವೇ ತನ್ನ ಆದಾಯದಿಂದ ಕಟ್ಟಿತು. ಕೆಲವನ್ನು ಜಿಲ್ಲಾ ಬೋರ್ಡು ಕಟ್ಟಿತು. ಎಲ್ಲವನ್ನೂ ಶೋಷಣೆಯೆಂಬ ಒಂದೇ ಹೆಸರಿನಿಂದ ಕರೆದರೆ, ಎಲ್ಲವನ್ನೂ ಪ್ರಗತಿಯೆಂದು ಕರೆದಾಗ ಆಗುವ ನಷ್ಟವೇ ಆಗುತ್ತದೆ. ಮಾರ್ಗ ಮಾರ್ಗಗಳ ನಡುವಣ ಭೇದ ಅಳಿಸಿಹೋಗುತ್ತದೆ.

ಈಚಿನ ವಿದ್ವಾಂಸರು ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ತೋರಿಸಿದ್ದಾರೆ. ಪರೋಕ್ಷ ಆಳ್ವಿಕೆಯ ಆರ್ಥಿಕ ನೆಲೆಯನ್ನು ಕುರಿತ ಬ್ಯೋರ್ನ್ ಹೆಟ್ನೆಯವರ 1978ರ ಗ್ರಂಥ, ಗಣಿ ಮತ್ತು ಗಿರಣಿಗಳ ಕಾರ್ಮಿಕರನ್ನು ಕುರಿತ ಜಾನಕಿ ನಾಯರ್ ಅವರ 1998ರ ಗ್ರಂಥ, ಭಾರತದ ರೈಲ್ವೆಗಳನ್ನು ಕಟ್ಟಿದ ಕೂಲಿಗಳನ್ನು ಕುರಿತ ಇಯಾನ್ ಕೆರ್ ಅವರ 1995ರ ಗ್ರಂಥ, ಇವುಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಮೈಸೂರು ರೈಲ್ವೆಗೆ ಕೇಳಬೇಕಾದ ಪ್ರಶ್ನೆಗಳು ತಾವಾಗಿಯೇ ಮೂಡುತ್ತವೆ. ಯಾರ ಹಣ, ಯಾವ ಷರತ್ತು? ಯಾವ ಅಳತೆಯ ಹಳಿ? ಎಲ್ಲಿಗೆ ಬಂದು ನಿಂತಿತು, ಏಕೆ ನಿಂತಿತು? ಇವನ್ನು ಒಂದೊಂದಾಗಿ ಪರಿಶೀಲಿಸೋಣ.

3

ಮೈಸೂರು ಸೀಮೆಗೆ ಬಂದ ಮೊದಲ ರೈಲುಮಾರ್ಗ ಜೋಲಾರಪೇಟೆಯಿಂದ ಬೆಂಗಳೂರಿಗೆ ಹಾಕಿದ್ದು. ಅದು 1864ರ ಆಗಸ್ಟ್ 1ರಂದು ತೆರೆಯಿತು. ಸಂಸ್ಥಾನವು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಮಾರ್ಗವನ್ನು ಕಟ್ಟಿದ್ದು ಮದ್ರಾಸ್ ರೈಲ್ವೆ ಕಂಪನಿ. ಆ ಕಾಲದ ಏರ್ಪಾಡಿನಂತೆ ಇಂಥ ಕಂಪನಿಗಳು ಹೂಡಿದ ಬಂಡವಾಳಕ್ಕೆ ಶೇಕಡ 5ರ ಬಡ್ಡಿಯ ಭರವಸೆಯನ್ನು ಸರ್ಕಾರ ಕೊಡುತ್ತಿತ್ತು. ಲಾಭ ಬಂದರೆ ಕಂಪನಿಗೆ, ನಷ್ಟವಾದರೆ ಖಜಾನೆಗೆ ಎಂಬ ಈ ಪದ್ಧತಿಯಲ್ಲಿ ಮಿತವ್ಯಯಕ್ಕೆ ಯಾವ ಪ್ರೇರಣೆಯೂ ಇರಲಿಲ್ಲವೆಂಬುದನ್ನು ಆ ಕಾಲದ ಅಧಿಕಾರಿಗಳೇ ಒಪ್ಪಿದ್ದಾರೆ.

ಈ ಮಾರ್ಗ ಬಂದು ಮುಟ್ಟಿದ್ದು ಬೆಂಗಳೂರಿನ ಪೇಟೆಯನ್ನಲ್ಲ, ದಂಡನ್ನು. 1809ರಲ್ಲಿ ನೆಲೆಗೊಂಡ ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನ್ಯವಿತ್ತು. ಮದರಾಸಿನ ಬಂದರನ್ನೂ ಎತ್ತರದ ಸೀಮೆಯ ಈ ಸೈನಿಕ ನೆಲೆಯನ್ನೂ ಕೂಡಿಸುವುದು ಆ ಹಳಿಯ ಮೊದಲ ಕೆಲಸ. ಅವೆನ್ಯೂ ರಸ್ತೆಯ ವರ್ತಕರಿಗೂ ಅದು ನೆರವಾಯಿತೆಂಬುದು ನಿಜ. ಆದರೆ ಮಾರ್ಗದ ದಿಕ್ಕನ್ನು ಅವರು ನಿಶ್ಚಯಿಸಲಿಲ್ಲ. ಹನ್ನೆರಡು ವರ್ಷಗಳ ತರುವಾಯ ಬಂದೊದಗಿದ ಮಹಾಕ್ಷಾಮದಲ್ಲಿ ಈ ಸಂಗತಿಯ ಪರಿಣಾಮ ಕಾಣಿಸಿಕೊಂಡಿತು.

ಧಾತು-ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ನೆನೆಯುತ್ತಿದ್ದ 1876–78ರ ಕ್ಷಾಮದಲ್ಲಿ ಹೊರಗಿನ ಧಾನ್ಯ ಬೆಂಗಳೂರಿನವರೆಗೆ ಹಳಿಯ ಮೇಲೆ ಬಂತು. ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ದನಗಳು ಸಾಯುತ್ತಿದ್ದ ನಾಡಿನಲ್ಲಿ ಆ ಗಾಡಿಗಳನ್ನು ಎಳೆಯುವುದಾದರೂ ಯಾವುದು? 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. 1881ರ ಗಣತಿಯಲ್ಲಿ 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಮೀರಿ ಕುಗ್ಗಿತ್ತು. ಮೈಸೂರು ರೈಲ್ವೆಯ ಚರಿತ್ರೆಯನ್ನು ಆರಂಭಿಸಬೇಕಾದದ್ದು ಈ ಎರಡು ಅಂಕಿಗಳಿಂದ ಎಂದು ನಮಗೆ ತೋರುತ್ತದೆ. ಏಕೆಂದರೆ ಸಂಸ್ಥಾನದ ಸ್ವಂತ ಹಣದಿಂದಾದ ಮೊದಲ ಮಾರ್ಗದ ಮಣ್ಣುಕೆಲಸ ನಡೆದದ್ದೇ ಬರಪರಿಹಾರದ ಕಾಮಗಾರಿಯಾಗಿ.

ಬೆಂಗಳೂರು–ಮೈಸೂರು ಮಾರ್ಗ 1881ರಲ್ಲಿ ಚನ್ನಪಟ್ಟಣದವರೆಗೂ 1882ರಲ್ಲಿ ಮೈಸೂರಿನವರೆಗೂ ತೆರೆಯಿತು. ಇದನ್ನು ಪುಸ್ತಕಗಳು ಸಾಮಾನ್ಯವಾಗಿ 1881ರ ಮಾರ್ಚಿಯಲ್ಲಿ ನಡೆದ ಅಧಿಕಾರ ಪ್ರತ್ಯರ್ಪಣದ ಸಂಭ್ರಮದೊಂದಿಗೆ ಸೇರಿಸಿ ಹೇಳುತ್ತವೆ. ಒಡೆಯರ ಮನೆತನಕ್ಕೆ ರಾಜ್ಯ ಮರಳಿತು, ಪ್ರಜಾಪ್ರತಿನಿಧಿ ಸಭೆ ಕೂಡಿತು, ರಾಜಧಾನಿಗೆ ರೈಲು ಬಂತು ಎಂಬ ಕ್ರಮದಲ್ಲಿ ಕಥೆ ಸೊಗಸಾಗಿಯೇ ಸಾಗುತ್ತದೆ. ಆ ಹಳಿಯ ದಿಣ್ಣೆಗಳನ್ನು ಎತ್ತಿದವರು ಹೊಟ್ಟೆಗಿಲ್ಲದ ರೈತಾಪಿ ಗಂಡಸರು ಹೆಂಗಸರು ಎಂಬ ಮಾತು ಒಂದು ಅಡ್ಡವಾಕ್ಯದಲ್ಲಿ ಮುಗಿಯುತ್ತದೆ. ಕೂಲಿಯ ದರ ಎಷ್ಟಿತ್ತು, ಕೆಲಸಕ್ಕೆ ಬಂದವರು ಎಷ್ಟು ದೂರದಿಂದ ನಡೆದು ಬಂದರು, ಅವರಲ್ಲಿ ಎಷ್ಟು ಜನ ಊರಿಗೆ ಹಿಂದಿರುಗಿದರು ಎಂಬ ಪ್ರಶ್ನೆಗಳು ಸಂಶೋಧಕರನ್ನು ಇನ್ನೂ ಕಾಯುತ್ತಿವೆ.

4

ಪ್ರತ್ಯರ್ಪಣದ ವೇಳೆಗೆ ಸಂಸ್ಥಾನದ ತಲೆಯ ಮೇಲೆ ಕ್ಷಾಮದ ನಿಮಿತ್ತ ಮಾಡಿದ 80 ಲಕ್ಷ ರೂಪಾಯಿಗಳ ಸಾಲವಿತ್ತು. ಇದರ ಜೊತೆಗೆ ಬ್ರಿಟಿಷ್ ಸರ್ಕಾರಕ್ಕೆ ವರ್ಷಂಪ್ರತಿ ಸಲ್ಲಿಸಬೇಕಾದ ಕಪ್ಪವನ್ನು 24½ ಲಕ್ಷದಿಂದ 35 ಲಕ್ಷಕ್ಕೆ ಏರಿಸಲಾಗಿತ್ತು. ಸಾಲದ ಭಾರವನ್ನು ನೋಡಿ, ಏರಿಕೆಯ ವಸೂಲಿಯನ್ನು ಮಾತ್ರ ಕೆಲಕಾಲ ಮುಂದಕ್ಕೆ ಹಾಕಿದ್ದರು. ಇಂಥ ಸ್ಥಿತಿಯಲ್ಲಿಯೂ ದಿವಾನ್ ರಂಗಾಚಾರ್ಲು ಅವರು ಹೊಸ ಮಾರ್ಗಗಳನ್ನು ಸಂಸ್ಥಾನದ ಆದಾಯದಿಂದಲೇ ಕಟ್ಟುವ ನೀತಿಯನ್ನು ಹಿಡಿದರು. 1884ರ ವೇಳೆಗೆ ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹಳಿ ಮುಂದುವರಿಯಿತು. ಮೈಸೂರಿನಿಂದ ಬೆಂಗಳೂರಿನ ಮೂಲಕ ಗುಬ್ಬಿಯವರೆಗೆ ಸುಮಾರು 140 ಮೈಲಿಗಳ ಮಾರ್ಗ ಹೀಗೆ ಸಂಸ್ಥಾನದ ಸ್ವತ್ತಾಗಿ ಸಿದ್ಧವಾಯಿತು.

ಮುಂದಿನ ಹೆಜ್ಜೆಯಲ್ಲಿ ನೀತಿ ತಿರುಗಿತು. 1883ರಲ್ಲಿ ದಿವಾನರಾದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1886ರಲ್ಲಿ, ಈ ಸಿದ್ಧ ಮಾರ್ಗಗಳನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಸುಪರ್ದಿಗೆ ಒಪ್ಪಿಸಲಾಯಿತು. ಅವುಗಳನ್ನು ಆಧಾರವಾಗಿಟ್ಟು ಕಂಪನಿಯು ಲಂಡನ್ನಿನಲ್ಲಿ ಸಾಲವೆತ್ತಿ, ಗುಬ್ಬಿಯಿಂದ ಹರಿಹರದವರೆಗಿನ ಮಾರ್ಗವನ್ನು ಕಟ್ಟಿ, ತನ್ನ ಜಾಲದೊಂದಿಗೆ ಕೂಡಿಸಿತು. 1889ರಲ್ಲಿ ಗಾಡಿ ಹರಿಹರ ಮುಟ್ಟಿತು. ಬಡ್ಡಿಯ ಹೊಣೆ ಸಂಸ್ಥಾನದ್ದು. ಗಾಡಿಗಳನ್ನು ಓಡಿಸುವ ಅಧಿಕಾರ ಕಂಪನಿಯದು.

ಈ ನಿರ್ಧಾರವನ್ನು ಹೇಗೆ ಅಳೆಯಬೇಕು? ಶೇಷಾದ್ರಿ ಅಯ್ಯರ್ ಅವರ ಪರವಾಗಿ ಹೇಳಬಹುದಾದದ್ದು ಕಡಮೆಯೇನಲ್ಲ. ಆದಾಯದ ಉಳಿತಾಯವನ್ನೇ ನಂಬಿಕೊಂಡಿದ್ದರೆ ಹರಿಹರ ಮುಟ್ಟುವುದಕ್ಕೆ ಇನ್ನೂ ಎಷ್ಟು ವರ್ಷ ಬೇಕಾಗುತ್ತಿತ್ತೋ. ಬರ ಮತ್ತೆ ಬಂದಿದ್ದರೆ ಚಿತ್ರದುರ್ಗ, ತುಮಕೂರು ಸೀಮೆಗಳಿಗೆ ಧಾನ್ಯವನ್ನು ಒಯ್ಯುವ ದಾರಿ ಯಾವುದು? ಮೈಸೂರಿನಲ್ಲಿ ಕ್ಷಾಮದ ಕಮಿಷನರಾಗಿದ್ದ ಚಾರ್ಲ್ಸ್ ಎಲಿಯಟ್ ಅವರೇ ಮುಂದೆ ಭಾರತದ ಕ್ಷಾಮ ಆಯೋಗಕ್ಕೆ ಕಾರ್ಯದರ್ಶಿಯಾದರು. ಆ ಆಯೋಗದ 1880ರ ವರದಿ ಬರದ ಸೀಮೆಗಳಿಗೆ ರಕ್ಷಣೆಯಾಗಿ ರೈಲುಮಾರ್ಗಗಳು ಬೇಕೆಂದು ಒತ್ತಿಹೇಳಿತು. 1876–78ರ ಪ್ರಮಾಣದ ಸಾವು ಮೈಸೂರು ಸೀಮೆಯಲ್ಲಿ ಮತ್ತೆ ಸಂಭವಿಸಲಿಲ್ಲ. ಅದಕ್ಕೆ ಕಾರಣಗಳು ಹಲವು, ಅವುಗಳಲ್ಲಿ ರೈಲ್ವೆಯೂ ಒಂದು ಎಂಬುದನ್ನು ಅಲ್ಲಗಳೆಯಲಾಗದು.

ಪ್ರತಿವಾದವೂ ಅಷ್ಟೇ ಬಲವಾದದ್ದು. ಸಂಸ್ಥಾನವು ತನ್ನ ಸ್ವಂತ ದುಡಿಮೆಯಿಂದ ಕಟ್ಟಿದ್ದ ಮಾರ್ಗದ ಮೇಲಿನ ಹಿಡಿತವನ್ನು ಹೊಸ ಮಾರ್ಗದ ಆಸೆಗೆ ಬಿಟ್ಟುಕೊಟ್ಟಿತು. ಸಾಗಾಣಿಕೆಯ ದರ, ಗಾಡಿಗಳ ವೇಳೆ, ಕಾರ್ಯಾಗಾರಗಳ ನೆಲೆ, ನೌಕರರ ನೇಮಕ ಇವು ಮೈಸೂರಿನ ಹೊರಗೆ ನಿಶ್ಚಯವಾಗತೊಡಗಿದವು. 1881ರ ಪ್ರತ್ಯರ್ಪಣ ಪತ್ರವಂತೂ ಬ್ರಿಟಿಷ್ ಸರ್ಕಾರ ಕಟ್ಟುವ ರೈಲ್ವೆಗೆ ಬೇಕಾದ ಭೂಮಿಯನ್ನು ಉಚಿತವಾಗಿ ಬಿಟ್ಟುಕೊಡಬೇಕೆಂದೂ ಆ ಭೂಮಿಯ ಮೇಲಿನ ನ್ಯಾಯಾಧಿಕಾರವನ್ನು ವರ್ಗಾಯಿಸಬೇಕೆಂದೂ ವಿಧಿಸಿತ್ತು. ಮೈಸೂರಿನ ನೆಲದ ಮೇಲೆ ಹರಿದ ಹಳಿ ಮೈಸೂರಿನ ಕಾನೂನಿಗೆ ಹೊರಗಾಗಿರಬಹುದಾಗಿತ್ತು! ಸಂಸ್ಥಾನದ ಸಾರ್ವಭೌಮತ್ವ ಎಂಬ ಪದವನ್ನು ತರಗತಿಯಲ್ಲಿ ವಿವರಿಸುವ ಅಧ್ಯಾಪಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಹೀಗೆ ಬಿಟ್ಟುಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಸದರ್ನ್ ಮರಾಠಾ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯ ಒಂದು ಭಾಗದೊಂದಿಗೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. 1919ರಲ್ಲಿ ಕೆಲವು ಮಾರ್ಗಗಳ ನಿರ್ವಹಣೆ ಸಂಸ್ಥಾನದ ಕೈಗೆ ಮರಳಿತು. ಬೆಂಗಳೂರು–ಹರಿಹರದ ಮುಖ್ಯ ಮಾರ್ಗ ಮಾತ್ರ 1930ರ ದಶಕದ ಉತ್ತರಾರ್ಧದವರೆಗೆ ಕಂಪನಿಯ ಬಳಿಯೇ ಉಳಿಯಿತು. 1951ರ ಏಪ್ರಿಲ್ 14ರಂದು ಮೈಸೂರು ಸ್ಟೇಟ್ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಅಂದರೆ ತನ್ನ ಮಾರ್ಗಗಳನ್ನು ಸಂಸ್ಥಾನವು ಬಹುಮಟ್ಟಿಗೆ ತಾನೇ ನಡೆಸಿದ ಕಾಲ ಬಹಳ ಚಿಕ್ಕದು. ಮೈಲಿಗಳ ಪಟ್ಟಿಯಲ್ಲಿ ಈ ಸಂಗತಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

5

ಎರಡನೆಯ ಪ್ರಶ್ನೆ ಹಳಿಯ ಅಳತೆಯದು. ಇದನ್ನು ಇಂಜಿನಿಯರುಗಳ ವಿಷಯವೆಂದು ಚರಿತ್ರಕಾರರು ಬದಿಗಿಡುವುದುಂಟು. ವಸ್ತುತಃ ಇದು ಅರ್ಥನೀತಿಯ ವಿಷಯ. ಮದ್ರಾಸ್ ರೈಲ್ವೆಯ ಹಳಿ ಐದೂವರೆ ಅಡಿಯ ಬ್ರಾಡ್‌ಗೇಜು. 1870ರ ಸುಮಾರಿಗೆ ವೈಸರಾಯ್ ಮೇಯೋ ಅವರ ಸರ್ಕಾರ ವೆಚ್ಚ ತಗ್ಗಿಸುವುದಕ್ಕಾಗಿ ಮೀಟರ್‌ಗೇಜನ್ನು ಅಂಗೀಕರಿಸಿತು. ಮೈಸೂರು ಸಂಸ್ಥಾನದ ಮಾರ್ಗಗಳೂ ಸದರ್ನ್ ಮರಾಠಾ ಮಾರ್ಗಗಳೂ ಈ ಕಿರಿದಾದ ಅಳತೆಯವೇ. ಹೀಗಾಗಿ ಬೆಂಗಳೂರು ಎರಡು ಅಳತೆಗಳು ಸಂಧಿಸುವ ಊರಾಯಿತು. ಮದರಾಸಿನಿಂದ ಬಂದ ಸರಕು ತುಮಕೂರಿಗೋ ಮಂಡ್ಯಕ್ಕೋ ಹೋಗಬೇಕಾದರೆ ಒಂದು ವ್ಯಾಗನ್ನಿನಿಂದ ಇಳಿದು ಇನ್ನೊಂದಕ್ಕೆ ಏರಬೇಕು. ಪ್ರತಿ ಮೂಟೆಗೂ ಎರಡು ಬಾರಿ ಕೂಲಿ, ಎರಡು ಬಾರಿ ಕಾಯುವಿಕೆ, ನಡುವೆ ಸೋರಿಕೆ.

ಇದರೊಂದಿಗೆ ಕೋಲಾರದ ಚಿನ್ನದ ಗಣಿಗಳ ಮಾರ್ಗವನ್ನು ಹೋಲಿಸಿ ನೋಡಬೇಕು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪದವರೆಗೆ 1894ರಲ್ಲಿ ತೆರೆದ ಈ ಮಾರ್ಗದ ಉದ್ದ ಸುಮಾರು 10 ಮೈಲಿ. ಅದು ಸಂಸ್ಥಾನದ ಸ್ವತ್ತು. ನಡೆಸುತ್ತಿದ್ದದ್ದು ಮದ್ರಾಸ್ ರೈಲ್ವೆ. ಅದರ ಅಳತೆ ಬ್ರಾಡ್‌ಗೇಜು. ಬಂದರಿನಲ್ಲಿ ಇಳಿದ ಕಲ್ಲಿದ್ದಲೂ ಯಂತ್ರಗಳೂ ಎಲ್ಲಿಯೂ ವ್ಯಾಗನ್ನು ಬದಲಿಸದೆ ಗಣಿಯ ಬಾಯಿಗೆ ಬಂದು ತಲಪುತ್ತಿದ್ದವು. ಅದೇ ಕೋಲಾರ ಜಿಲ್ಲೆಯ ಕೇಂದ್ರಸ್ಥಳಕ್ಕೆ ರೈಲು ಬಂದದ್ದು 1913ರಲ್ಲಿ. ಅದೂ ಎರಡೂವರೆ ಅಡಿಯ ನ್ಯಾರೋಗೇಜು, ಜಿಲ್ಲಾ ಬೋರ್ಡಿನ ಹೊಣೆಯಲ್ಲಿ. ಬಂಗಾರಪೇಟೆಯ ನಿಲ್ದಾಣದಲ್ಲಿ ನಿಂತು ನೋಡಿದ್ದರೆ ಒಂದು ಕಡೆ ಗಣಿಗೆ ಹೋಗುವ ಅಗಲದ ಹಳಿ, ಇನ್ನೊಂದು ಕಡೆ ಜಿಲ್ಲೆಯ ರೈತನ ಊರಿಗೆ ಹೋಗುವ ಕಿರಿಹಳಿ ಕಾಣುತ್ತಿತ್ತು. ಮುಖ್ಯ ಮಾರ್ಗವೇ ಬ್ರಾಡ್‌ಗೇಜಾಗಿದ್ದುದರಿಂದ ಗಣಿಯ ಕವಲೂ ಹಾಗೆಯೇ ಆಯಿತೆಂದು ಇಂಜಿನಿಯರು ಹೇಳಬಹುದು. ಆ ಮಾತು ಸರಿಯೇ. ಹಾಗಾದರೆ ಅದೇ ಮುಖ್ಯ ಮಾರ್ಗದಿಂದ ಹೊರಟ ಕೋಲಾರದ ಕವಲು ಏಕೆ ಹಾಗಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹಣದ ಲೆಕ್ಕದಲ್ಲಿದೆ, ಇಂಜಿನಿಯರಿಂಗಿನಲ್ಲಿಲ್ಲ.

ಈ ಆಯ್ಕೆಗಳ ಫಲ ನೂರು ವರ್ಷ ಬಾಳಿತು. ಭಾರತೀಯ ರೈಲ್ವೆಯ ಏಕಗೇಜು ಯೋಜನೆ ಆರಂಭವಾದದ್ದು 1992ರಲ್ಲಿ. ಬೆಂಗಳೂರು–ಮೈಸೂರು ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜಿಗೆ ಪರಿವರ್ತಿತವಾಯಿತು, ಮೈಸೂರು–ಚಾಮರಾಜನಗರ 2008ರಲ್ಲಿ, ಶಿವಮೊಗ್ಗ–ತಾಳಗುಪ್ಪ 2011ರಲ್ಲಿ, ಕೋಲಾರ–ಚಿಕ್ಕಬಳ್ಳಾಪುರ 2013ರಲ್ಲಿ. ಅಗ್ಗವೆಂದು ಕಟ್ಟಿದ ಹಳಿಯನ್ನು ಮುಂದಿನ ಶತಮಾನದ ತೆರಿಗೆದಾರರು ಮತ್ತೊಮ್ಮೆ ಕಟ್ಟಿದರು. ಕಿರಿಹಳಿಯನ್ನು ಕಿತ್ತು ಹೊಸದನ್ನು ಹಾಕುವವರೆಗೆ ಕೆಲವು ಊರುಗಳು ಹಲವು ವರ್ಷ ರೈಲಿಲ್ಲದೆಯೇ ಕಳೆದವು. ಹಿಂದಿನವರಿಗೆ ಇದು ತಿಳಿದಿರಬೇಕಾಗಿತ್ತೆಂದು ನಾವು ವಾದಿಸುವುದಿಲ್ಲ. ಅಗ್ಗದ ಮಾರ್ಗವಾದರೂ ಇರಲಿ ಎಂಬ ಆಯ್ಕೆ, ಏನೂ ಇಲ್ಲದಿರುವುದಕ್ಕಿಂತ ಮೇಲೆಂದು ಅವರಿಗೆ ತೋರಿದ್ದು ಸಹಜ. ಆದರೆ ಹಾಗೆ ಆಯ್ಕೆಮಾಡಬೇಕಾದ ಬಡತನ ಯಾವ ಸಾಲದಿಂದ, ಯಾವ ಕಪ್ಪದಿಂದ ಬಂತೆಂದು ಕೇಳುವುದು ಚರಿತ್ರಕಾರನ ಕರ್ತವ್ಯ.

6

ಮೂರನೆಯ ಪ್ರಶ್ನೆ, ಮಾರ್ಗ ಎಲ್ಲಿ ನಿಂತಿತು ಎಂಬುದು. ಹಳೆಯ ಮೈಸೂರಿನ ರೈಲ್ವೆ ನಕ್ಷೆಯನ್ನು ಬಿಡಿಸಿ ನೋಡಿದರೆ ಗಡಿಯ ಸಮೀಪಕ್ಕೆ ಬಂದು ತಟಕ್ಕನೆ ಮುಗಿದುಹೋಗುವ ಗೆರೆಗಳು ಕಣ್ಣಿಗೆ ಬೀಳುತ್ತವೆ. ಮೈಸೂರಿನಿಂದ 1891ರಲ್ಲಿ ನಂಜನಗೂಡಿಗೆ ಹೋದ ಹಳಿ 1926ರಲ್ಲಿ ಚಾಮರಾಜನಗರ ಮುಟ್ಟಿ ಅಲ್ಲಿಯೇ ನಿಂತಿತು. ಘಟ್ಟದ ಕೆಳಗಿನ ಸತ್ಯಮಂಗಲದ ಸೀಮೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಬೀರೂರಿನಿಂದ 1899ರಲ್ಲಿ ಶಿವಮೊಗ್ಗಕ್ಕೆ ಬಂದ ಹಳಿ ಸಾಗರದ ಮೂಲಕ 1940ರಲ್ಲಿ ತಾಳಗುಪ್ಪ ತಲಪಿ ನಿಂತಿತು. ಶರಾವತಿ ಸಮುದ್ರ ಸೇರುವ ಹೊನ್ನಾವರ ಮುಂಬಯಿ ಪ್ರಾಂತದಲ್ಲಿತ್ತು. ಈ ಎರಡು ಕೊನೆಗಳೂ ಇಂದಿಗೂ ಕೊನೆಗಳಾಗಿಯೇ ಉಳಿದಿವೆ. ಗಡಿಗಳು 1956ರಲ್ಲಿ ಬದಲಾದವು, ಹಳಿಗಳು ಬದಲಾಗಲಿಲ್ಲ.

ಇದಕ್ಕೆ ಹರಿಹರವೇ ಅಪವಾದ. ಅಲ್ಲಿ ತುಂಗಭದ್ರೆಯ ಆಚೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಹಳಿ ಹೊಳೆ ದಾಟಿ ಹುಬ್ಬಳ್ಳಿಯನ್ನು ಕೂಡಿತು. ಕಾರಣ ಸ್ಪಷ್ಟ. ಎರಡೂ ದಡಗಳಲ್ಲಿ ಮಾರ್ಗ ನಡೆಸುತ್ತಿದ್ದದ್ದು ಒಂದೇ ಕಂಪನಿ, ಅದರ ಹಿತ ಗಡಿಯ ಎರಡು ಕಡೆಗೂ ಹರಡಿತ್ತು. ಕನ್ನಡಿಗರನ್ನು ಮೊದಲು ಒಂದುಗೂಡಿಸಿದ್ದು ರೈಲ್ವೆ ಎಂದು ಭಾಷಣಗಳಲ್ಲಿ ಕೇಳುವುದುಂಟು. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಮಟ್ಟಿಗೆ ಆ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ಮಂಗಳೂರಿನವನು ಅದನ್ನು ಒಪ್ಪಲಾರ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಮಲಬಾರಿನ ಕರಾವಳಿಯ ಮೂಲಕ. ಘಟ್ಟದ ಮೇಲಿನ ಹಾಸನಕ್ಕೂ ಕೆಳಗಿನ ಮಂಗಳೂರಿಗೂ ಹಳಿಯ ಸಂಪರ್ಕವೇ ಇರಲಿಲ್ಲ. ಬೆಂಗಳೂರಿನಿಂದ ರೈಲಿನಲ್ಲಿ ಮಂಗಳೂರಿಗೆ ಹೋಗಬೇಕಾದವರು ಜೋಲಾರಪೇಟೆ, ಸೇಲಂ, ಈರೋಡು, ಪಾಲಕ್ಕಾಡು, ಶೋರನೂರುಗಳನ್ನು ಸುತ್ತಿ ಹೋಗಬೇಕಾಗಿತ್ತು. ವಿಶ್ವೇಶ್ವರಯ್ಯನವರು ಸಂಸ್ಥಾನಕ್ಕೊಂದು ಬಂದರು ಬೇಕೆಂದು ಭಟ್ಕಳದ ಕಡೆಗೆ ದೃಷ್ಟಿಯಿಟ್ಟದ್ದು ಪ್ರಸಿದ್ಧವೇ ಆಗಿದೆ. ಆ ಭಟ್ಕಳವೂ ಮೈಸೂರಿನದಲ್ಲ. ಸಮುದ್ರವಿಲ್ಲದ ಸಂಸ್ಥಾನದ ಸರಕೆಲ್ಲವೂ ಇತರರ ಹಳಿಗಳ ಮೇಲೆ, ಇತರರು ನಿಶ್ಚಯಿಸಿದ ದರದಲ್ಲಿ ಬಂದರು ಮುಟ್ಟಬೇಕಾಗಿತ್ತು. ಹಾಸನ–ಮಂಗಳೂರು ಮಾರ್ಗ ಪೂರ್ಣವಾದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ 55 ಕಿಲೋಮೀಟರುಗಳಲ್ಲಿ 57 ಸುರಂಗಗಳು. ಏರು 50ಕ್ಕೆ 1. ಇಷ್ಟು ಕಷ್ಟಪಟ್ಟು ಕಟ್ಟಿದ್ದೂ ಮೀಟರ್‌ಗೇಜೇ ಆಗಿತ್ತು. ಅದನ್ನು ಬದಲಿಸುವುದಕ್ಕಾಗಿ ಅನೇಕ ವರ್ಷ ಪ್ರಯಾಣಿಕರ ಸಂಚಾರವನ್ನು ನಿಲ್ಲಿಸಿ, 2007ರ ಕೊನೆಯಲ್ಲಿ ಮತ್ತೆ ಆರಂಭಿಸಬೇಕಾಯಿತು. ಬೆಂಗಳೂರಿನಿಂದ ಕುಣಿಗಲ್ಲು, ಶ್ರವಣಬೆಳಗೊಳಗಳ ಮೂಲಕ ಹಾಸನಕ್ಕೆ ನೇರ ಮಾರ್ಗ ತೆರೆದದ್ದು 2017ರಲ್ಲಿ. ಕೊಡಗು ಜಿಲ್ಲೆಗಂತೂ ಇಂದಿಗೂ ರೈಲಿಲ್ಲ.

7

ನಮ್ಮ ವಾದಕ್ಕೆ ಬರಬಹುದಾದ ಮುಖ್ಯ ಆಕ್ಷೇಪವನ್ನು ಇಲ್ಲಿ ಎದುರಿಸಬೇಕು. ಸಂಸ್ಥಾನವನ್ನು ಕೇವಲ ಕಂಪನಿಗಳ ಕೈಗೊಂಬೆಯಂತೆ ಚಿತ್ರಿಸಿದರೆ ಅದರ ಸ್ವಪ್ರಯತ್ನಕ್ಕೆ ಅನ್ಯಾಯವಾಗುವುದಿಲ್ಲವೆ? ಆಗುತ್ತದೆ. 1912ರಿಂದ 1918ರವರೆಗೆ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಸಂಸ್ಥಾನವು ತನ್ನದೇ ಸಿಬ್ಬಂದಿಯಿಂದ ಮಾರ್ಗಗಳನ್ನು ಕಟ್ಟತೊಡಗಿತು. ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಗೆ 1918ರ ವೇಳೆಗೆ ಆದ ಮಾರ್ಗ, ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ 1921ರಲ್ಲಿ ಆದ ಮಾರ್ಗ, ಇವು ಬಂದರಿನ ಕಡೆಗಾಗಲಿ ದಂಡಿನ ಕಡೆಗಾಗಲಿ ಮುಖಮಾಡಿದವಲ್ಲ; ಸಂಸ್ಥಾನದ ಊರುಗಳನ್ನು ಒಂದಕ್ಕೊಂದು ಕೂಡಿಸಿದವು. ಯಶವಂತಪುರದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಒಂದು ಲಘು ರೈಲ್ವೆ ಕಂಪನಿ ನ್ಯಾರೋಗೇಜು ಮಾರ್ಗವನ್ನು ತೆರೆಯಿತು. ಮೈಸೂರಿನಲ್ಲಿ 1924ರಲ್ಲಿ ರೈಲ್ವೆ ಕಾರ್ಯಾಗಾರ ಸ್ಥಾಪಿತವಾಯಿತು.

ಭದ್ರಾವತಿಯ ನಿದರ್ಶನ ಇನ್ನೂ ವಿಚಾರಾರ್ಹವಾದದ್ದು. 1899ರ ಶಿವಮೊಗ್ಗ ಮಾರ್ಗವನ್ನು ಹಾಕಿದಾಗ ಕಬ್ಬಿಣದ ಕಾರ್ಖಾನೆಯ ಕಲ್ಪನೆ ಇನ್ನೂ ದೂರದ್ದು. 1923ರಲ್ಲಿ ಕುಲುಮೆ ಹೊತ್ತಿದಾಗ ಭದ್ರಾ ನದಿಯ ನೀರು, ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಟ್ಟಿಗೆ ಇವುಗಳ ಜೊತೆಗೆ ಸಿದ್ಧವಾಗಿದ್ದ ಹಳಿಯೂ ಒದಗಿತು. ಒಂದು ಉದ್ದೇಶಕ್ಕೆ ಹಾಕಿದ ಮಾರ್ಗ ಇನ್ನೊಂದು ಉದ್ದೇಶಕ್ಕೆ ಒದಗಬಲ್ಲದು. ಹಾಕಿದವರ ಉದ್ದೇಶವೇ ಮಾರ್ಗದ ಕೊನೆಯ ಅರ್ಥವಲ್ಲ. ಶೋಷಣೆಯ ಸೂತ್ರವೊಂದನ್ನೇ ಹಿಡಿದವರಿಗೆ ಈ ನಿದರ್ಶನ ಒಗ್ಗುವುದಿಲ್ಲ. ಹಾಗೆಂದು ಕೊಡುಗೆಯ ಕಥೆಗೂ ಅದು ಒಗ್ಗದು, ಏಕೆಂದರೆ ರೈಲು ಬಂದ ಎಷ್ಟೋ ಊರುಗಳಲ್ಲಿ ಕಾರ್ಖಾನೆ ಬರಲಿಲ್ಲ. ಹಳಿ ಬಂದರೆ ಅಭಿವೃದ್ಧಿ ಹಿಂದೆಯೇ ಬರುತ್ತದೆಂಬ ನಂಬಿಕೆಗೆ ತಾಳಗುಪ್ಪದ ನಿಲ್ದಾಣವೇ ಉತ್ತರ ಹೇಳುತ್ತದೆ.

ಆದುದರಿಂದ ನಾವು ಕೇಳುವುದು ತೀರ್ಪಿನ ಬದಲಾವಣೆಯನ್ನಲ್ಲ, ವಿಚಾರಣೆಯ ಕ್ರಮದ ಬದಲಾವಣೆಯನ್ನು. ಒಂದೊಂದು ಮಾರ್ಗವನ್ನೂ ಪ್ರತ್ಯೇಕವಾಗಿ ಎತ್ತಿಕೊಂಡು, ಮೂರು ಪ್ರಶ್ನೆಗಳನ್ನೂ ಹಾಕಿ, ಬಂದ ಉತ್ತರಗಳನ್ನು ಆಮೇಲೆ ಕೂಡಿಸಬೇಕು. ಹಾಗೆ ಮಾಡಿದಾಗ ಮೈಸೂರು ರೈಲ್ವೆ ಎಂಬುದು ಒಂದೇ ವಸ್ತುವಲ್ಲವೆಂದು ತಿಳಿಯುತ್ತದೆ. ದಂಡಿಗಾಗಿ ಬಂದ ಹಳಿ, ಬರದಲ್ಲಿ ಎದ್ದ ಹಳಿ, ಸಾಲಕ್ಕೆ ಸಿಕ್ಕಿದ ಹಳಿ, ಗಣಿಗೆ ಹರಿದ ಹಳಿ, ಸಂಸ್ಥಾನವು ತನಗಾಗಿ ಹಾಕಿಕೊಂಡ ಹಳಿ ಎಂದು ಅದು ಬಿಡಿಬಿಡಿಯಾಗಿ ಕಾಣುತ್ತದೆ.

8

ಈ ಕೆಲಸಕ್ಕೆ ಅವಧಿ ಬಹಳವಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕಾಗಿದೆ. ಗೇಜು ಪರಿವರ್ತನೆಯಾದಾಗ ಹಳೆಯ ನಿಲ್ದಾಣಗಳು ಉರುಳುತ್ತವೆ. ನಿಲ್ದಾಣದೊಂದಿಗೆ ಅಲ್ಲಿದ್ದ ಸರಕಿನ ಖಾತೆಗಳೂ ರಶೀದಿಗಳೂ ರದ್ದಿಗೆ ಹೋಗುತ್ತವೆ. ಯಾವ ಊರಿನಿಂದ ಯಾವ ತಿಂಗಳಲ್ಲಿ ಎಷ್ಟು ಮೂಟೆ ರಾಗಿ, ಎಷ್ಟು ಹೊರೆ ವೀಳ್ಯದೆಲೆ, ಎಷ್ಟು ತೆಂಗಿನಕಾಯಿ ಹೊರಟಿತೆಂದು ಹೇಳಬಲ್ಲವು ಆ ಖಾತೆಗಳೇ ಹೊರತು ದಿವಾನರ ಭಾಷಣಗಳಲ್ಲ. ಚಿಕ್ಕಬಳ್ಳಾಪುರದ ಮಾರ್ಗದಲ್ಲಿ ದೊಡ್ಡಜಾಲ, ಆವತಿ, ನಂದಿಗಳ ಹಳೆಯ ಕಟ್ಟಡಗಳು ಉಳಿದುಕೊಂಡಿರುವುದು ಭಾಗ್ಯವೆನ್ನಬೇಕು. ಕಟ್ಟಡವನ್ನು ಉಳಿಸುವವರಿದ್ದಾರೆ, ಕಾಗದವನ್ನು ಉಳಿಸುವವರು ಬೇಕಾಗಿದ್ದಾರೆ. ಮೀಟರ್‌ಗೇಜಿನ ಕಾಲದಲ್ಲಿ ಗ್ಯಾಂಗ್‌ಮನ್ನರಾಗಿ, ಹಮಾಲರಾಗಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ಕೇಳಿ ಬರೆದುಕೊಳ್ಳುವುದಕ್ಕೆ ದೊಡ್ಡ ಅನುದಾನವೇನೂ ಬೇಕಿಲ್ಲ; ಒಂದು ಕಾಲೇಜಿನ ಇಬ್ಬರು ಮೂವರು ವಿದ್ಯಾರ್ಥಿಗಳು ಒಂದು ಬೇಸಗೆ ರಜೆಯಲ್ಲಿ ಮಾಡಿ ಮುಗಿಸಬಹುದಾದ ಕೆಲಸವದು.

ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡ ನೈಋತ್ಯ ರೈಲ್ವೆ 2003ರಲ್ಲಿ ಅಸ್ತಿತ್ವಕ್ಕೆ ಬಂದ ಮೇಲೆ ಕರ್ನಾಟಕದಲ್ಲಿ ಹೊಸ ಮಾರ್ಗಗಳ ಬೇಡಿಕೆ ಹೆಚ್ಚಿದೆ. ಪ್ರತಿಯೊಂದು ಬೇಡಿಕೆಯೂ ಅಭಿವೃದ್ಧಿಯ ಹೆಸರಿನಲ್ಲಿಯೇ ಬರುತ್ತದೆ. ಅವುಗಳನ್ನು ಬೆಂಬಲಿಸುವುದೋ ವಿರೋಧಿಸುವುದೋ ಚರಿತ್ರೆಯ ಅಧ್ಯಾಪಕರ ಕೆಲಸವಲ್ಲ. ಆದರೆ ನಮ್ಮ ತರಗತಿಗಳಿಂದ ಹೊರಹೋಗುವ ವಿದ್ಯಾರ್ಥಿ, ಮುಂದೆ ಒಬ್ಬ ಮತದಾರನಾಗಿ, ಒಬ್ಬ ಅಧಿಕಾರಿಯಾಗಿ, ಇಂಥ ಬೇಡಿಕೆಯನ್ನು ಕಂಡಾಗ ಎಷ್ಟು ಕಿಲೋಮೀಟರು ಎಂದು ಮಾತ್ರ ಕೇಳಿ ಸುಮ್ಮನಾದರೆ, ಆ ಪ್ರಶ್ನೆಯನ್ನು ಅವನಿಗೆ ಕಲಿಸಿದವರು ನಾವೇ ಆಗಿರುತ್ತೇವೆ. ಯಾರ ಹಣ, ಯಾವ ಷರತ್ತು, ಯಾರ ಸರಕು, ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಅವನು ಕೇಳುವಂತಾದರೆ 1864ರಿಂದ ಆರಂಭವಾದ ಈ ಚರಿತ್ರೆಯನ್ನು ಅವನಿಗೆ ಬೋಧಿಸಿದ್ದು ಸಾರ್ಥಕವಾಯಿತೆಂದು ಹೇಳಬಹುದು.